ನಿಯಮ ಅವರದು, ಹೊಣೆ ನಮ್ಮದೇ?

ಕಳೆದ ತಿಂಗಳು ತೆಕ್ಕಟ್ಟೆಯ ನಮ್ಮ ಮನೆಗೆ ಪರಿಚಯದ ಹುಡುಗಿಯೊಬ್ಬಳು ಬಂದಿದ್ದಳು. ಕೈಯಲ್ಲಿ ಫೋಟೋ ಮಾಡೆಲಿಂಗ್ ಸ್ಪರ್ಧೆಯೊಂದರ ಅರ್ಜಿ. “ಅಕ್ಕಾ, ಇದಕ್ಕೆ ಸಹಿ ಹಾಕ್ರೆ ಅಡ್ಡಿ ಇಲ್ಯಾ?” ಎಂದು ಕೇಳಿದಳು. ಮುಂದಿನ ಪುಟದಲ್ಲಿ ಎತ್ತರ, ತೂಕ, ವಯಸ್ಸು, ಮದುವೆಯಾಗಿದೆಯೇ ಎಂಬ ಪ್ರಶ್ನೆ, ಪ್ರವೇಶ ಶುಲ್ಕ. ಹಿಂದಿನ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ನಿಯಮಗಳು. ಕಳುಹಿಸಿದ ಚಿತ್ರಗಳನ್ನು ಸಂಘಟಕರು ಹೇಗೆ ಬೇಕಾದರೂ ಬಳಸಬಹುದು. ನಿಯಮಗಳನ್ನು ಪೂರೈಸುವ ಹೊಣೆ ಸಂಪೂರ್ಣವಾಗಿ ಸ್ಪರ್ಧಿಯದು ಎಂದಿತ್ತು.

ವರದಕ್ಷಿಣೆ, ಮನೆಯೊಳಗಿನ ಹಿಂಸೆಯ ಬಗ್ಗೆ ಬರೆಯುವ ಈ ಪತ್ರಿಕೆಗೂ ಈ ಅರ್ಜಿಗೂ ಏನು ಸಂಬಂಧ ಎಂದು ಗೆಳತಿಯರು ಕೇಳಬಹುದು. ನನಗೆ ನೆನಪಾದದ್ದು ನಮ್ಮ ಮನೆಗಳಿಂದ ಗಂಡಿನ ಮನೆಗೆ ಹೋಗುವ ಫೋಟೋ. ಅಲ್ಲಿಯೂ ಎತ್ತರ, ಬಣ್ಣ, ವಯಸ್ಸು. ಅಲ್ಲಿಯೂ ನಿಯಮ ಮಾಡುವವರು ಒಬ್ಬರು, ಪೂರೈಸಬೇಕಾದವಳು ಇನ್ನೊಬ್ಬಳು. ಬಣ್ಣ ಕಡಿಮೆಯಾದರೆ ಚಿನ್ನ ಹೆಚ್ಚಾಗುತ್ತದೆ. ಮದುವೆಯಾದ ಮೇಲೂ ಕೊರತೆಯೆಲ್ಲ ಅವಳದೇ. ಹೊಡೆತ ತಿಂದು ತವರಿಗೆ ಬಂದವಳಿಗೆ “ನೀನೇ ಸ್ವಲ್ಪ ಹೊಂದಿಕೊಳ್ಳಬೇಕಿತ್ತು” ಎನ್ನುವಾಗ ನಾವು ಹೇಳುವುದು ಅರ್ಜಿಯ ಆ ಕೊನೆಯ ಸಾಲನ್ನೇ.

1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ರಾಜ್ಯದಲ್ಲಿ ದೊಡ್ಡ ವಿರೋಧವೆದ್ದಿತು. ಈಜುಡುಗೆಯ ಸುತ್ತನ್ನು ಸಂಘಟಕರು ಸೀಷೆಲ್ಸ್ ದ್ವೀಪಗಳಿಗೆ ಒಯ್ಯಬೇಕಾಯಿತು. ವಿರೋಧಿಸಿದವರೆಲ್ಲರ ಕಾರಣ ಒಂದೇ ಆಗಿರಲಿಲ್ಲ. ಕೆಲವರಿಗೆ ಸಂಸ್ಕೃತಿಯ ಚಿಂತೆ. ಮಹಿಳಾ ಸಂಘಟನೆಗಳಲ್ಲಿ ಹಲವರಿಗೆ ಹೆಣ್ಣಿನ ದೇಹವನ್ನು ಮಾರುಕಟ್ಟೆಯ ಸರಕಾಗಿಸುವ ಬಗ್ಗೆ ಸಿಟ್ಟು. ಆ ಸಿಟ್ಟು ಸರಿಯಾದದ್ದೇ. ಆದರೆ ಸ್ಪರ್ಧೆ ಬೇಕೇ ಬೇಡವೇ ಎಂಬ ವಾದದಲ್ಲಿ, ಒಳಗೆ ಹೋಗುವ ಹುಡುಗಿ ಏನಕ್ಕೆ ಸಹಿ ಹಾಕುತ್ತಾಳೆ ಎಂಬುದು ಹಿಂದೆ ಸರಿಯಿತು. ನಾವು ಬೇಡವೆಂದರೂ ಹುಡುಗಿಯರು ಹೋಗುತ್ತಾರೆ. ಅರ್ಜಿ ಓದಲು ಕಲಿಸದೆ ಬರೀ ಬೈದರೆ ಅವರು ನಮ್ಮ ಹತ್ತಿರ ಬರುವುದೂ ಇಲ್ಲ.

ಸ್ಪರ್ಧಿಗೆ ಹೊಣೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ವಯಸ್ಸು ಸುಳ್ಳು ಬರೆಯುವುದು, ಬೇರೆಯವರ ಚಿತ್ರ ಕಳುಹಿಸುವುದು ತಪ್ಪು. ಅದರಿಂದ ನಷ್ಟವಾಗುವುದು ಪಕ್ಕದಲ್ಲಿ ನಿಂತ ಇನ್ನೊಬ್ಬ ಹುಡುಗಿಗೆ. ಆದರೆ ನಿಯಮವೇ ಅನ್ಯಾಯವಾಗಿದ್ದರೆ? 2018ರಲ್ಲಿ ಉಕ್ರೇನಿನ ಸುಂದರಿ ವೆರೋನಿಕಾ ದಿದುಸೆಂಕೊ ಅವರ ಕಿರೀಟವನ್ನು ಕೆಲವೇ ದಿನಗಳಲ್ಲಿ ಕಿತ್ತುಕೊಂಡರು. ಆಕೆ ವಿಚ್ಛೇದಿತೆ, ಒಂದು ಮಗುವಿನ ತಾಯಿ; ನಿಯಮದಂತೆ ಅದು ಅನರ್ಹತೆ. ಆಕೆ ಸುಮ್ಮನಾಗದೆ ತಾಯಂದಿರನ್ನು ಹೊರಗಿಡುವ ನಿಯಮವನ್ನೇ ಪ್ರಶ್ನಿಸಿದರು. ಇನ್ನೊಂದು ಸ್ಪರ್ಧೆಯಾದ ಮಿಸ್ ಯೂನಿವರ್ಸ್, ವಿವಾಹಿತೆಯರಿಗೂ ತಾಯಂದಿರಿಗೂ 2023ರಿಂದ ಬಾಗಿಲು ತೆರೆಯಿತು. ನಿಯಮ ದೇವರು ಬರೆದದ್ದಲ್ಲ, ಬದಲಾಗುತ್ತದೆ.

ಹಾಗಾಗಿ ಆ ಹುಡುಗಿಯನ್ನು ಕೂರಿಸಿಕೊಂಡು ಅರ್ಜಿಯನ್ನು ಸಾಲು ಸಾಲಾಗಿ ಓದಿದೆ. ಹಣ ಕೊಟ್ಟು ತಾನೇ ತೆಗೆಸಿಕೊಂಡ ಫೋಟೋದ ಕೃತಿಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ತೆಗೆಸಿಕೊಂಡವಳದೇ, ಸ್ಟುಡಿಯೋದವರದಲ್ಲ. ಆ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾದರೆ ಬರಹವೂ ಸಹಿಯೂ ಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ ಎಂದು 1994ರ ತಿದ್ದುಪಡಿ ಹೇಳುತ್ತದೆ. ಅಂದರೆ ಆ ಒಂದು ಸಹಿಗಾಗಿಯೇ ಅವರು ಅರ್ಜಿ ಅಚ್ಚು ಹಾಕಿಸಿರುವುದು. ಹದಿನೆಂಟು ತುಂಬದ ಹುಡುಗಿಯ ಸಹಿಗಂತೂ 1872ರ ಒಪ್ಪಂದ ಕಾಯ್ದೆಯಡಿ ಬೆಲೆಯೇ ಇಲ್ಲ. 1903ರಲ್ಲೇ ಪ್ರಿವಿ ಕೌನ್ಸಿಲ್ ಅದನ್ನು ಖಚಿತಪಡಿಸಿತು. ಹೆಣ್ಣನ್ನು ಅಸಭ್ಯವಾಗಿ ಚಿತ್ರಿಸುವ ಜಾಹೀರಾತನ್ನು 1986ರ ಕಾಯ್ದೆ ನಿಷೇಧಿಸಿದೆ. ಅವಳು ಒಪ್ಪಿದ್ದಳು ಎಂಬ ಮಾತು ಅಲ್ಲಿ ನೆಪವಾಗಲಾರದು.

ಹೊಣೆಯನ್ನು ಬಲವುಳ್ಳವರ ಮೇಲೆ ಹೊರಿಸಬಹುದು ಎಂಬುದನ್ನು ನಮ್ಮ ಚಳವಳಿಯೇ ತೋರಿಸಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಟ್ಟವರೂ ತಪ್ಪಿತಸ್ಥರು, ತೆಗೆದುಕೊಂಡವರೂ ತಪ್ಪಿತಸ್ಥರು. ಹೆಣ್ಣಿನ ಮನೆಯವರು ದೂರು ಕೊಡಲು ಹೆದರುತ್ತಿದ್ದರು. 1986ರಲ್ಲಿ ತಿದ್ದುಪಡಿ ಬಂತು. ನೊಂದವರು ಕೊಟ್ಟ ಹೇಳಿಕೆಯಿಂದ ಅವರ ಮೇಲೆಯೇ ಮೊಕದ್ದಮೆ ಹೂಡುವಂತಿಲ್ಲ ಎಂದಾಯಿತು. ವರದಕ್ಷಿಣೆ ಪಡೆದ, ಕೇಳಿದ ಆರೋಪ ಹೊತ್ತವರೇ ತಾವು ನಿರಪರಾಧಿಗಳೆಂದು ರುಜುವಾತು ಮಾಡಬೇಕು ಎಂಬ 8ಎ ವಿಧಿ ಸೇರಿತು. ನೀನೇಕೆ ಒಪ್ಪಿದೆ ಎಂದು ಅವಳನ್ನು ಕೇಳುವ ಬದಲು ನೀನೇಕೆ ಕೇಳಿದೆ ಎಂದು ಅವನನ್ನು ಕೇಳುವಂತಾಯಿತು. ಸ್ಪರ್ಧೆಗಳಿಗೂ ಇದೇ ನ್ಯಾಯ ಬೇಕು. ಶುಲ್ಕ ಎಲ್ಲಿಗೆ ಹೋಗುತ್ತದೆ, ಚಿತ್ರ ಎಲ್ಲಿ ಅಚ್ಚಾಗುತ್ತದೆ, ತೀರ್ಪುಗಾರರು ಯಾರು, ತೊಂದರೆಯಾದರೆ ದೂರು ಯಾರಿಗೆ ಎಂಬುದನ್ನು ಕನ್ನಡದಲ್ಲಿ, ಓದಲಾಗುವ ಅಕ್ಷರದಲ್ಲಿ ಬರೆಯುವ ಹೊಣೆ ಸಂಘಟಕರದು. ಅದನ್ನು ಓದುವ, ಸತ್ಯ ಬರೆಯುವ ಹೊಣೆ ಸ್ಪರ್ಧಿಯದು.

ಅವಳು ಈ ನಾಲ್ಕು ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದಾಳೆ. ಇದುವರೆಗೂ ಉತ್ತರ ಬಂದಿಲ್ಲ. ಅವಳೂ ಸಹಿ ಹಾಕಿಲ್ಲ. ಹೋಗುವುದೋ ಬಿಡುವುದೋ ಅವಳ ತೀರ್ಮಾನ. ನಮ್ಮ ಸಂಘಗಳ ಸಭೆಗಳಲ್ಲಿ ಇನ್ನು ಮುಂದೆ ಇಂಥ ಅರ್ಜಿಗಳನ್ನು ಒಟ್ಟಿಗೆ ಕುಳಿತು ಗಟ್ಟಿಯಾಗಿ ಓದೋಣ. ಮದುವೆಯ ಮಾತುಕತೆಯಲ್ಲಿ ಬಾಯಿಮಾತಿನಲ್ಲೇ ಉಳಿಯುವ ಷರತ್ತುಗಳನ್ನೂ ಅದರ ಜೊತೆಗೇ ಓದೋಣ.