ಅಜ್ಜಿ ಅಡುಗೆ ಪುಸ್ತಕ, ಭಾಗ 4: ತಟ್ಟೆ ಆಮೇಲೆ, ಮೊದಲು ಕೈ

ಮನೆ ಅಡುಗೆ ಪುಸ್ತಕ ಮಾಡೋಕೆ ಹೊರಟ ನಾವೆಲ್ಲ ಒಂದೇ ತಪ್ಪು ಮಾಡ್ತೀವಿ. ಬಡಿಸಿದ ತಟ್ಟೆಗೆ ಕೊತ್ತಂಬರಿ ಉದುರಿಸಿ, ಫಿಲ್ಟರ್ ಹಾಕಿ ಫೋಟೋ ತೆಗೀತೀವಿ. ಚಂದ ಕಾಣುತ್ತೆ, ನಿಜ. ಆದ್ರೆ ಅದನ್ನ ನೋಡಿ ನಿಮಗೆ ಮುದ್ದೆ ಕಟ್ಟೋಕೆ ಬರುತ್ತಾ?

ಹೊಳೆನರಸೀಪುರದ ನಮ್ಮಜ್ಜಿ ಅಳತೆ ಹೇಳಲ್ಲ, “ಹದ ನೋಡ್ಕೋ” ಅಂತಾರೆ. ಒದ್ದೆ ಬೆರಳಿಗೆ ಹಿಟ್ಟು ಅಂಟದಿದ್ರೆ ಮುದ್ದೆ ಬೆಂದಿದೆ. ನೆನೆಸಿದ ಅವರೆಕಾಳು ಹಿತುಕಿದ್ರೆ ಬೇಳೆ ಜಾರಿ ಬರಬೇಕು. ಪುಸ್ತಕಕ್ಕೆ ಬೇಕಿರೋದು ಆ ಬೆರಳುಗಳ ಫೋಟೋ. ಕಿಟಕಿ ಬೆಳಕು ಸಾಕು, ಫ್ಲಾಶ್ ಬೇಡ. 4 ಇಂಚು ಅಗಲಕ್ಕೆ ಚೆನ್ನಾಗಿ ಅಚ್ಚಾಗಬೇಕಂದ್ರೆ 1200 ಪಿಕ್ಸೆಲ್ ಇರಲಿ. ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಪುಟ ಜೋಡಿಸುವಾಗ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಇಲ್ಲಾಂದ್ರೆ ಒತ್ತಕ್ಷರ ಒಡೆದು ‘ಉಪ್ಪು’ ಹೋಗಿ ‘ಉಪ್‌ಪು’ ಆಗುತ್ತೆ. ಪುಕ್ಕಟೆ ಬೇಕಾ? ಸ್ಕ್ರೈಬಸ್ 1.6 ಇದೆ.

16ನೇ ಶತಮಾನದಲ್ಲಿ ಮೂರನೇ ಮಂಗರಸ ‘ಸೂಪಶಾಸ್ತ್ರ’ವನ್ನ ಪದ್ಯದಲ್ಲಿ ಬರೆದಿಟ್ಟ. ಫೋಟೋ ಇಲ್ಲದೆಯೂ ಆ ಅಡುಗೆ ಉಳೀತು. ನಮ್ಮಜ್ಜಿ ಏನೂ ಬರೆದಿಟ್ಟಿಲ್ಲ. ಈಗೀಗ ಅವರ ಕೈ ನಡುಗುತ್ತೆ.

ಹಾಸನ, ಅರಕಲಗೂಡು, ಚನ್ನರಾಯಪಟ್ಟಣದೋರೆ, ಈ ಭಾನುವಾರ ನಿಮ್ಮಜ್ಜಿ ಹತ್ರ ಒಲೆ ಮುಂದೆ ಕೂತ್ಕೊಳ್ಳಿ.

#ಅಜ್ಜಿಅಡುಗೆ #ಹದ