ಮುಂಗಡ ದುಡ್ಡು ಕಟ್ಟಿ ಇಂಗ್ಲಿಷ್ ಮಾತು ಕಲಿಯಬೇಕೆ?

ಈ ಸಲದ ಗೋಡೆ ಪತ್ರಿಕೆಗೆ ಎಲ್ಲರೂ ಪರಿಸರ, ಸ್ವಚ್ಛತೆ ಅಂತ ಬರೆದುಕೊಟ್ಟಿದ್ದಾರೆ. ನಾನು ನಮ್ಮ ಮನೆಯಲ್ಲಿ ನಡೆದ ವಿಷಯದ ಬಗ್ಗೆ ನನ್ನ ಅಭಿಪ್ರಾಯ ಬರೆಯುತ್ತೇನೆ. ತಪ್ಪಿದ್ದರೆ ಕ್ಷಮಿಸಿ.

ಬೇಸಿಗೆ ರಜೆಯಲ್ಲಿ ನನ್ನನ್ನು ಪಟ್ಟಣದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಬೇಕು ಅಂತ ಅಪ್ಪಾಜಿ ಹೇಳ್ತಿದಾರೆ. "30 ದಿನದಲ್ಲಿ ಇಂಗ್ಲಿಷ್ ಮಾತಾಡಿ" ಅಂತ ಕರೆಂಟ್ ಕಂಬಕ್ಕೆ ಬೋರ್ಡ್ ಕಟ್ಟಿದಾರಲ್ಲ, ಅದನ್ನು ನೋಡಿಕೊಂಡು ಬಂದಿದಾರೆ. ಅಡಿಕೆ ದುಡ್ಡು ಬಂದ ಕೂಡಲೇ ಪೂರ್ತಿ ಫೀಜು ಕಟ್ಟಿಬಿಡ್ತಾರಂತೆ. ಒಟ್ಟಿಗೆ ಕಟ್ಟಿದರೆ ಕಡಿಮೆ ಮಾಡ್ತಾರಂತೆ. ನನಗೂ ಇಂಗ್ಲಿಷ್ ಮಾತಾಡುವ ಆಸೆ ಐತೆ. ಆದರೆ ದುಡ್ಡನ್ನು ಹಾಗೆ ಮುಂಗಡ ಕಟ್ಟಬಾರದು ಅನ್ನುವುದು ನನ್ನ ವಾದ.

ನಮ್ಮ ದೊಡ್ಡಪ್ಪನ ಮಗಳು ಅಕ್ಕ ಬಿ.ಕಾಂ. ಮುಗಿಸಿದಾಳೆ. ಲೆಕ್ಕದಲ್ಲಿ ಬಹಳ ಚುರುಕು. ದಾವಣಗೆರೆಯಲ್ಲಿ ಒಂದು ಕೆಲಸದ ಇಂಟರ್‌ವ್ಯೂಗೆ ಹೋದಾಗ ಇಂಗ್ಲಿಷಿನಲ್ಲಿ ನಿಮ್ಮ ಬಗ್ಗೆ ಹೇಳಿ ಅಂದರಂತೆ. ಅಕ್ಕ ಹೆಸರು ಹೇಳಿದಳು, ಊರು ಹೇಳಿದಳು, ಆಮೇಲೆ ಬಾಯಿ ಕಟ್ಟಿಹೋಯಿತಂತೆ. ಅವತ್ತು ರಾತ್ರಿ ಊಟ ಮಾಡದೆ ಮಲಗಿದಳು. ದೊಡ್ಡಮ್ಮ ಡೈರಿಗೆ ಹಾಲು ಹಾಕಿ ಕೂಡಿಸಿಟ್ಟಿದ್ದ 6,000 ರೂಪಾಯಿ ತೆಗೆದುಕೊಟ್ಟರು. ಅಕ್ಕ ಮೂರು ತಿಂಗಳ ಕೋರ್ಸಿಗೆ ಪೂರ್ತಿ ಕಟ್ಟಿ ಸೇರಿಕೊಂಡಳು.

ದಿನಾ ಬಸ್ಸಿನಲ್ಲಿ ಹೋಗಿ ಬರ್ತಿದ್ದಳು. ಒಂದು ರೂಮಿನಲ್ಲಿ 40 ಜನ. ಕಲಿಸುವವರು ಬೋರ್ಡಿನ ಮೇಲೆ ವಾಕ್ಯ ಬರೆಯುವುದು, ಇವರು ನೋಟ್ಸಿಗೆ ಇಳಿಸಿಕೊಳ್ಳುವುದು. ನಾನು ಒಂದು ಲೆಕ್ಕ ಮಾಡಿ ನೋಡಿದೆ. ಕ್ಲಾಸು ಒಂದು ಗಂಟೆ. ಅದರಲ್ಲಿ ಅರ್ಧ ಗಂಟೆ ಬರೆಯುವುದಕ್ಕೆ ಹೋದರೆ ಉಳಿದದ್ದು 30 ನಿಮಿಷ. ಅದನ್ನು 40 ಜನಕ್ಕೆ ಹಂಚಿದರೆ ಒಬ್ಬರಿಗೆ 45 ಸೆಕೆಂಡು! ನಮ್ಮ ಶಾಲೆಯಲ್ಲಿ ಹಾಜರಿ ಕೂಗುವುದಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

ಎರಡನೇ ತಿಂಗಳಲ್ಲಿ ಒಂದು ಸೋಮವಾರ ಹೋದರೆ ಬಾಗಿಲಿಗೆ ಬೀಗ. ಬೋರ್ಡ್ ಹಾಗೇ ಇತ್ತು, ಫೋನು ಮಾತ್ರ ಸ್ವಿಚ್ ಆಫ್. ರಸೀದಿ ತಂದು ನಮ್ಮ ಸಾರ್‌ಗೆ ತೋರಿಸಿದಾಗ, ಒಮ್ಮೆ ಕಟ್ಟಿದ ಹಣ ವಾಪಸ್ ಕೊಡುವುದಿಲ್ಲ ಅಂತ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಬರೆದಿದ್ದು ಇಂಗ್ಲಿಷಿನಲ್ಲಿ! ಇಂಗ್ಲಿಷ್ ಬರುವುದಿಲ್ಲ ಅಂತ ಬಂದವರಿಗೆ ಇಂಗ್ಲಿಷಿನಲ್ಲಿ ರಸೀದಿ ಕೊಟ್ಟರೆ ಏನು ನ್ಯಾಯ? ಗ್ರಾಹಕರ ಕೋರ್ಟಿಗೆ ಹೋಗಬಹುದು ಅಂದರು ಸಾರ್. "ಆರು ಸಾವಿರಕ್ಕೆ ದಾವಣಗೆರೆಗೆ ಎಷ್ಟು ಸಲ ಅಲೀಲಿ ಮೇಷ್ಟ್ರೇ" ಅಂದು ದೊಡ್ಡಪ್ಪ ಎದ್ದು ಹೋದರು.

ನಮ್ಮಂಥ ಹಳ್ಳಿಯವರಿಗೇ ಹೀಗಾಗ್ತದೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಜಪಾನಿನಲ್ಲೂ ಹೀಗೇ ಆಗಿತ್ತು ಅಂತ ಸಾರ್ ಹೇಳಿದರು. ಜಪಾನಿನವರು ರೈಲು, ಕಾರು, ರೇಡಿಯೋ ಎಲ್ಲ ಮಾಡುವವರು. ಅವರಿಗೂ ಇಂಗ್ಲಿಷ್ ಮಾತಾಡಲು ನಾಚಿಕೆಯಂತೆ. ಅಲ್ಲಿ 1981ರಲ್ಲಿ ಒಸಾಕಾ ನಗರದಲ್ಲಿ ನೋವಾ ಅನ್ನುವ ಇಂಗ್ಲಿಷ್ ಮಾತಿನ ಶಾಲೆ ಶುರುವಾಯಿತು. ಆಮೇಲೆ ಊರೂರಿಗೆ ರೈಲ್ವೆ ಸ್ಟೇಷನ್ ಹತ್ತಿರ ಅದರ ಶಾಖೆಗಳು ಬಂದವು. ಟಿ.ವಿ.ಯಲ್ಲಿ ಗುಲಾಬಿ ಬಣ್ಣದ ಮೊಲದ ಜಾಹೀರಾತು ಬರ್ತಿತ್ತು. ಪಾಠಗಳನ್ನು ಪಾಯಿಂಟ್ ಲೆಕ್ಕದಲ್ಲಿ ಮೊದಲೇ ಕೊಳ್ಳಬೇಕು. ಜಾಸ್ತಿ ಕೊಂಡರೆ ಒಂದೊಂದು ಪಾಠ ಅಗ್ಗ. ಜನ ನೂರಾರು ಪಾಠ ಒಟ್ಟಿಗೆ ಕೊಂಡರು. ಆಮೇಲೆ ಬೇಕಾದ ಹೊತ್ತಿಗೆ ಪಾಠ ಸಿಗಲಿಲ್ಲ. ಬಿಡ್ತೀವಿ, ದುಡ್ಡು ಕೊಡಿ ಅಂದರೆ, ಕಲಿತ ಪಾಠಗಳಿಗೆ ಜಾಸ್ತಿ ರೇಟು ಹಾಕಿ ಮುರಿದುಕೊಂಡು ಸ್ವಲ್ಪವೇ ವಾಪಸ್ ಕೊಡ್ತಿದ್ದರು. ಇದು ತಪ್ಪು ಅಂತ 2007ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಜೂನ್‌ನಲ್ಲಿ ಸರ್ಕಾರ ಹೊಸದಾಗಿ ದೀರ್ಘ ಕಾಲದ ಕರಾರು ಮಾಡಿಕೊಳ್ಳಬೇಡಿ ಅಂತ ಆರು ತಿಂಗಳು ತಡೆ ಹಾಕಿತು. ಅಕ್ಟೋಬರ್‌ನಲ್ಲಿ ಶಾಲೆಗಳೇ ಮುಚ್ಚಿದವು. ಲಕ್ಷಗಟ್ಟಲೆ ಜನರ ಮುಂಗಡ ಸಿಕ್ಕಿಹಾಕಿಕೊಂಡಿತು. ಬೇರೆ ದೇಶಗಳಿಂದ ಬಂದಿದ್ದ ಸಾವಿರಾರು ಶಿಕ್ಷಕರಿಗೆ ಸಂಬಳ ಇಲ್ಲ. ಕೆಲವರು ಊಟಕ್ಕಾಗಿ ಪಾಠ ಹೇಳಿಕೊಟ್ಟರಂತೆ. ಪಾಪ, ಅವರದೇನು ತಪ್ಪು? 2010ರಲ್ಲಿ ಜಿಯೋಸ್ ಅನ್ನುವ ಇನ್ನೊಂದು ಕಂಪನಿಯೂ ದಿವಾಳಿ ಆಯಿತು.

ಇದರಿಂದ ನನಗೆ ಅನ್ನಿಸಿದ್ದು, ದುಡ್ಡು ಮೊದಲೇ ಕೈಗೆ ಬಂದರೆ ಕಲಿಸುವವರಿಗೆ ನಾಳೆ ನಾವು ಬಂದರೂ ಒಂದೇ, ಬರದಿದ್ದರೂ ಒಂದೇ. ಹಾಲಿನ ಡೈರಿಯವರು ನಮಗೆ ಮುಂದಿನ ವರ್ಷದ ಹಾಲಿಗೆ ಈಗಲೇ ದುಡ್ಡು ಕೊಡ್ತಾರಾ? ಇಲ್ಲ. ಹಾಕಿದ ಹಾಲಿಗೆ ಕೊಡ್ತಾರೆ. ಕಲಿತ ಪಾಠಕ್ಕೆ ನಾವೂ ಹಾಗೇ ತಿಂಗಳು ತಿಂಗಳು ಕೊಡಬೇಕು. ರಸೀದಿ ಕನ್ನಡದಲ್ಲಿ ಕೊಡಿ ಅಂತ ಕೇಳಬೇಕು. ಕೊಡಲ್ಲ ಅಂದರೆ ಸೇರಬಾರದು.

ಅಪ್ಪಾಜಿ ಹೇಳುವುದರಲ್ಲೂ ನಿಜ ಇದೆ. ಅವರ ಕಾಲದಲ್ಲಿ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿಗೆ ಎಬಿಸಿಡಿ ಶುರು. ರ‍್ಯಾಪಿಡೆಕ್ಸ್ ಪುಸ್ತಕ ತಂದು ಓದಿದ್ದರಂತೆ, ಅದರ ಜಾಹೀರಾತಿನಲ್ಲಿ ಕಪಿಲ್ ದೇವ್ ಇದ್ದರಂತೆ. ಪುಸ್ತಕ ಈಗಲೂ ಅಟ್ಟದ ಮೇಲೆ ಇದೆ, ಇಲಿ ಅರ್ಧ ತಿಂದಿದೆ. ಅಪ್ಪಾಜಿಗೆ ಮಾತು ಬರಲಿಲ್ಲ. ಯಾಕೆಂದರೆ ಮಾತಾಡಲು ಎದುರಿಗೆ ಯಾರೂ ಇರಲಿಲ್ಲ. ತಾಂಡಾದಿಂದ ಬರುವ ನನ್ನ ಗೆಳತಿ ಒಂದನೇ ಕ್ಲಾಸಿಗೆ ಬಂದಾಗ ಅವಳಿಗೆ ಲಂಬಾಣಿ ಬಿಟ್ಟರೆ ಏನೂ ಬರ್ತಿರಲಿಲ್ಲ. ಕುಂಟೆಬಿಲ್ಲೆ ಆಡುತ್ತಾ ಆಡುತ್ತಾ ಕನ್ನಡ ಕಲಿತಳು. ಈಗ ಜಗಳದಲ್ಲಿ ನಮಗೆ ಮಾತಾಡಲು ಬಿಡುವುದಿಲ್ಲ.

ನಮಗೆ 2007ರಿಂದ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ. ಪುಸ್ತಕ ಓದ್ತೀವಿ, ಪ್ರಶ್ನೋತ್ತರ ಬರೀತೀವಿ. ಮಾತಾಡುವುದಿಲ್ಲ. ಒಬ್ಬರು ಮಾತಾಡಿದರೆ ಹಿಂದಿನ ಬೆಂಚಿನವರು ಕಿಸಕ್ ಅಂತ ನಗ್ತಾರೆ (ನಾನೂ ಒಮ್ಮೆ ನಕ್ಕಿದೀನಿ). ನಮ್ಮ ಇಂಗ್ಲಿಷ್ ಮೇಡಂ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ಹೋಗಿ ತರಬೇತಿ ಪಡೆದು ಬಂದವರು. 1963ರಲ್ಲಿ ಶುರುವಾದ ಆ ಸಂಸ್ಥೆ ಇರುವುದೇ ಶಿಕ್ಷಕರಿಗೆ ಇಂಗ್ಲಿಷ್ ಕಲಿಸುವ ರೀತಿ ಹೇಳಿಕೊಡಲಿಕ್ಕೆ. ಅಂಥವರು ಇಲ್ಲೇ ಇರುವಾಗ ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಮರದ ಕೆಳಗೆ ಇಂಗ್ಲಿಷಿನಲ್ಲೇ ಮಾತಾಡಬಾರದೇಕೆ? ಇಬ್ಬಿಬ್ಬರು ಎದುರುಬದುರು ಕೂತರೆ ಒಬ್ಬೊಬ್ಬರಿಗೆ 15 ನಿಮಿಷ ಸಿಗ್ತದೆ. ನಕ್ಕವರು ಮುಂದಿನ ವಾರ ಮೊದಲು ಮಾತಾಡಬೇಕು ಅಂತ ನಿಯಮ ಮಾಡೋಣ. ಮೇಡಂ ಅವರನ್ನು ಕೇಳಿದೆ, ಹತ್ತು ಜನ ಹೆಸರು ಕೊಟ್ಟರೆ ನೋಡೋಣ ಅಂದರು. ಈಗ ಆರು ಹೆಸರು ಬಂದಿವೆ. ಅಕ್ಕನೂ ಬರ್ತೀನಿ ಅಂದಿದಾಳೆ.

ಮುಂದಿನ ವಾರ ಎಸ್‌ಡಿಎಂಸಿ ಸಭೆಗೆ ಅಪ್ಪಾಜಿ ಶಾಲೆಗೆ ಬರ್ತಾರೆ, ಬಂದಾಗಲೆಲ್ಲ ಗೋಡೆ ಪತ್ರಿಕೆ ಓದ್ತಾರೆ. ಅಪ್ಪಾಜಿ, ಅಡಿಕೆ ದುಡ್ಡು ಬಂದಿದ್ದರೂ ಅಲ್ಲಿಯವರೆಗೆ ಫೀಜು ಕಟ್ಟಬೇಡಿ. ಇನ್ನೂ ನಾಲ್ಕು ಹೆಸರು ಬೇಕು, ಬೇರೆಯವರ ಮನೆಯಲ್ಲೂ ಸ್ವಲ್ಪ ಹೇಳಿ.

– ಏಳನೇ ತರಗತಿ ವಿದ್ಯಾರ್ಥಿನಿ, ಸಾಸ್ವೆಹಳ್ಳಿ