ಆಗಸ್ಟ್ 14ರ ಸಂಜೆ ಈಸೂರಿಗೆ ಮೀಸಲಾಗಲಿ

ಇಸ್ರೇಲಿನಲ್ಲಿ ಸ್ವಾತಂತ್ರ್ಯದ ಹಬ್ಬಕ್ಕೆ ಮೊದಲ ದಿನ ಮಡಿದವರಿಗೆ ಮೀಸಲು. ಬೆಳಿಗ್ಗೆ ಹನ್ನೊಂದಕ್ಕೆ ಸೈರನ್ ಮೊಳಗಿದರೆ ಹೆದ್ದಾರಿಯ ವಾಹನಗಳೂ ಎರಡು ನಿಮಿಷ ನಿಲ್ಲುತ್ತವೆ. ಹೊತ್ತು ಮುಳುಗಿದ ಮೇಲೆಯೇ ಸಂಭ್ರಮ. ಕಾದಂಬರಿಕಾರ ಡೇವಿಡ್ ಗ್ರಾಸ್‌ಮನ್ ಅವರ ಮಗ ಉರಿ 2006ರ ಲೆಬನಾನ್ ಯುದ್ಧದಲ್ಲಿ, ಕದನವಿರಾಮಕ್ಕೆ ಎರಡೇ ದಿನ ಮೊದಲು ಸತ್ತ. 2018ರ ಸ್ಮರಣೆಯ ಸಂಜೆ ಅವರು ಮಾತನಾಡಿದ್ದು ಮಕ್ಕಳನ್ನು ಕಳೆದುಕೊಂಡ ಇಸ್ರೇಲಿ ಮತ್ತು ಪ್ಯಾಲೆಸ್ತೀನಿ ಕುಟುಂಬಗಳು ಒಟ್ಟಿಗೆ ಸೇರಿದ್ದ ಸಭೆಯಲ್ಲಿ. ಅದೇ ಸ್ವಾತಂತ್ರ್ಯೋತ್ಸವದಲ್ಲಿ ಅವರಿಗೆ ದೇಶದ ಅತ್ಯುನ್ನತ ಸಾಹಿತ್ಯ ಗೌರವವೂ ಸಂದಿತು. ಎದುರು ಪಾಳಯದವರ ದುಃಖಕ್ಕೂ ತಲೆಬಾಗಿದ್ದರಿಂದ ಅವರ ದೇಶಪ್ರೇಮ ಕಿರಿದಾಗಲಿಲ್ಲ.

ಶಿವಮೊಗ್ಗದವರಾದ ನಾವು ಇದನ್ನು ಗಮನಿಸಬೇಕು. ಆಗಸ್ಟ್ 15ರ ಭಾಷಣಗಳಲ್ಲಿ ಈಸೂರಿನ ಹೆಸರು ಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ಮಕ್ಕಳಿಗೂ ಬಾಯಿಪಾಠ. ಆದರೆ ಆ ಘೋಷಣೆಗೆ ತೆತ್ತ ಬೆಲೆಯನ್ನು ನಾವು ವಿವರವಾಗಿ ಹೇಳುವುದು ಕಡಿಮೆ.

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಹಾರಿತು. ಹುಡುಗರೇ ಊರಿನ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಆದರು. ಸೆಪ್ಟೆಂಬರ್ 28ರಂದು ಸರ್ಕಾರದ ಅಮಲ್ದಾರ ಚೆನ್ನಕೃಷ್ಣಪ್ಪ ಮತ್ತು ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಪೊಲೀಸರೊಡನೆ ಬಂದರು. ಘರ್ಷಣೆಯಲ್ಲಿ ಇಬ್ಬರೂ ಸತ್ತರು. ಆಮೇಲೆ ಪಡೆಗಳು ಊರಿಗೆ ನುಗ್ಗಿದವು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಅವರನ್ನು ಬೆಂಗಳೂರಿನಲ್ಲಿ ಗಲ್ಲಿಗೇರಿಸಲಾಯಿತು.

ಗಲ್ಲಿಗೇರಿಸಿದ್ದು ಬ್ರಿಟಿಷರ ಅಧೀನದಲ್ಲಿದ್ದ ಮೈಸೂರು ಸಂಸ್ಥಾನದ ಆಡಳಿತ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಲು ಆರಂಭಿಸಿದ್ದೂ ಅದೇ ಸಂಸ್ಥಾನ. ಭದ್ರಾವತಿಯ ಎಷ್ಟೋ ಮನೆಗಳಲ್ಲಿ ಆ ಕಾರ್ಖಾನೆಯ ಋಣವಿದೆ, ವಿಶ್ವೇಶ್ವರಯ್ಯನವರ ಮೇಲೆ ಭಕ್ತಿಯಿದೆ. ಅದು ನ್ಯಾಯವೇ. ಅನ್ನ ಕೊಟ್ಟ ಆಡಳಿತವೇ ನೇಣಿಗೂ ಹಾಕಿತೆಂಬುದನ್ನು ಒಟ್ಟಿಗೆ ಹೇಳುವ ಧೈರ್ಯವೂ ನಮಗೆ ಬೇಕು. 1947ರ ಆಗಸ್ಟ್ 15ಕ್ಕೂ ಇಲ್ಲಿಯ ಹೋರಾಟ ಮುಗಿದಿರಲಿಲ್ಲ. ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ನಡೆಯಿತು. ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದದ್ದು ಅಕ್ಟೋಬರ್ 25ರಂದು.

ಸತ್ತ ಆ ಇಬ್ಬರು ಅಧಿಕಾರಿಗಳೂ ಕನ್ನಡಿಗರು. ಅವರಿಗೂ ಮನೆ-ಮಂದಿ ಇದ್ದರು. ಅವರನ್ನು ನೆನೆದರೆ ಹುತಾತ್ಮರ ಗೌರವ ಕುಗ್ಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈಸೂರಿನವರು ಬಿಡುಗಡೆಗಾಗಿ ಎದ್ದವರು, ನೇಣುಗಂಬಕ್ಕೆ ನಡೆದವರು. ಅವರ ಸ್ಥಾನವನ್ನು ಯಾರೂ ಕದಲಿಸಲಾರರು. ಪರಕೀಯ ಆಳ್ವಿಕೆ ಒಂದೇ ಜಿಲ್ಲೆಯ ನೆಲದಲ್ಲಿ ನಮ್ಮವರನ್ನೇ ನಮ್ಮವರ ಎದುರು ನಿಲ್ಲಿಸಿತು. ಆ ಅನ್ಯಾಯದ ಆಳ ಏಳೂ ಸಾವುಗಳನ್ನು ಒಟ್ಟಿಗಿಟ್ಟಾಗಲೇ ಮಕ್ಕಳಿಗೆ ಅರ್ಥವಾದೀತು.

ಆದ್ದರಿಂದ ಜಿಲ್ಲಾಡಳಿತಕ್ಕೂ ಭದ್ರಾವತಿ ನಗರಸಭೆಗೂ ನನ್ನ ಬೇಡಿಕೆ ಇಷ್ಟು: ಆಗಸ್ಟ್ 14ರ ಸಂಜೆ ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಲ್ಲಿ ಸಾರ್ವಜನಿಕ ಸ್ಮರಣೆ ನಡೆಯಲಿ. ಮೆರವಣಿಗೆ, ಸನ್ಮಾನ ಬೇಡ. ನಮ್ಮ ಶಾಲೆಗಳ ಮಕ್ಕಳು ಈಸೂರಿನ ಕಥೆಯನ್ನು ಪೂರ್ತಿಯಾಗಿ ಹೇಳಲಿ. ಐವರ ಹೆಸರು ಮೊದಲು, ಆ ಇಬ್ಬರ ಹೆಸರು ನಂತರ ಓದಲಿ. ಮರುದಿನ ಬಾವುಟ ಏರಿಸುವಾಗ ಯಾರಿಗೆ ಋಣಿಗಳೆಂಬುದು ಅವರಿಗೆ ಗೊತ್ತಿರುತ್ತದೆ. ಈ ವರ್ಷವೇ ಆರಂಭಿಸೋಣ.